ಮೀನುಮರಿಗೂ ಸಸಿಮಡಿ ಬೇಕು



ಟೊಮ್ಯಾಟೊ ಬೀಜವನ್ನಾಗಲಿ ಬದನೆ ಬೀಜವನ್ನಾಗಲಿ ನೀವು ನೇರವಾಗಿ ಹೊಲಕ್ಕೆ ಚೆಲ್ಲುವುದಿಲ್ಲ. ಮೊದಲು ಮಡಿಯಲ್ಲಿ ಸಸಿ ಬೆಳೆಸಿ, ಅದು ಗಟ್ಟಿಯಾದ ಮೇಲೆ ಕಿತ್ತು ನಾಟಿ ಮಾಡುತ್ತೀರಿ. ಆದರೆ ಕೆರೆಗೆ ಮೀನುಮರಿ ಬಿಡುವಾಗ ಈ ತಿಳಿವಳಿಕೆ ಮರೆತುಹೋಗುತ್ತದೆ. ಅಂಗುಲ ಉದ್ದದ ಎಳೆಮರಿಯನ್ನು ತಂದು ಕೆರೆಗೆ ಸುರಿಯುವುದು, ಬೇಸಿಗೆಯಲ್ಲಿ ಬಲೆ ಎಳೆದಾಗ ಮೀನಿಲ್ಲವೆಂದು ಕೊರಗುವುದು, ಹಲವು ಊರುಗಳಲ್ಲಿ ನಡೆದು ಬಂದಿದೆ. ಈ ನಷ್ಟವನ್ನು ತಪ್ಪಿಸುವ ದಾರಿ ನಿಮ್ಮ ಕೃಷಿ ಹೊಂಡದಲ್ಲಿಯೇ ಇದೆ.

ನಮ್ಮ ಕೆರೆಗಳ ಸ್ವಭಾವ

1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಹಿನ್ನೀರಿನ ದಂಡೆಯವರ ಮಾತು ಬೇರೆ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ತಾಲ್ಲೂಕುಗಳಲ್ಲಿಯೂ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿಯ ಒಳನಾಡಿನಲ್ಲಿಯೂ ಇರುವ ಸಣ್ಣ ಕೆರೆಗಳು ಮಳೆಯನ್ನೇ ನಂಬಿದವು. ಚಿಕ್ಕಹಗರಿಗೆ ಕಟ್ಟಿದ ಮಾಲವಿ ಜಲಾಶಯದಂಥ ದೊಡ್ಡ ನೀರೇ ಮಳೆ ಕೈಕೊಟ್ಟ ವರ್ಷಗಳಲ್ಲಿ ಬರಿದಾದದ್ದುಂಟು. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ತುಂಬಿದ ಸಣ್ಣ ಕೆರೆ ಏಪ್ರಿಲ್ ವೇಳೆಗೆ ತಳ ಕಾಣುತ್ತದೆ. ಮೀನು ಬೆಳೆಯಲು ಸಿಗುವ ಕಾಲ ಆರೇಳು ತಿಂಗಳು ಮಾತ್ರ.

ಅಂಗುಲದ ಮರಿ ಬೆರಳುದ್ದ ಬೆಳೆಯಲು ಎರಡರಿಂದ ಮೂರು ತಿಂಗಳು ಬೇಕು. ಅದನ್ನು ಕೆರೆಯಲ್ಲಿಯೇ ಬೆಳೆಯಲು ಬಿಟ್ಟರೆ ಇರುವ ಅವಧಿಯಲ್ಲಿ ಸುಮಾರು ಅರ್ಧ ಕಳೆದುಹೋಯಿತು. ಅಷ್ಟರಲ್ಲಿ ಕೊರವ, ಬಾಳೆ ಮೀನು, ನೀರುಹಾವು, ನೀರುಕಾಗೆಗಳು ಬಹುಪಾಲು ಮರಿಗಳನ್ನು ನುಂಗಿರುತ್ತವೆ. ನಾಲ್ಕು ಅಂಗುಲದ ಮರಿಯಾದರೋ ವೇಗವಾಗಿ ಈಜಿ ತಪ್ಪಿಸಿಕೊಳ್ಳುತ್ತದೆ, ಸಿಕ್ಕ ಆಹಾರವನ್ನು ತಿಂದು ಬೇಗ ತೂಕ ಕಟ್ಟುತ್ತದೆ.

ಪ್ರತಿ ವರ್ಷ ಮರಿ ಏಕೆ ತರಬೇಕು?

ಕಾಟ್ಲಾ, ರೋಹು, ಮೃಗಾಲ್ ಇವು ಹೊಳೆಯ ಮೀನುಗಳು. ಮಳೆಗಾಲದ ಪ್ರವಾಹದಲ್ಲಿ ಮೊಟ್ಟೆಯಿಡುತ್ತವೆ, ನಿಂತ ನೀರಿನಲ್ಲಿ ಇಡುವುದಿಲ್ಲ. ಹಿಂದೆ ಇವುಗಳ ಮರಿಗಳನ್ನು ಹೊಳೆಯಿಂದಲೇ ಹಿಡಿದು ತರಬೇಕಾಗಿತ್ತು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ, ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇವು ಮೊಟ್ಟೆಯಿಡುವಂತೆ ಮಾಡಿದರು. ಅಂದಿನಿಂದ ಮರಿ ಉತ್ಪಾದನಾ ಕೇಂದ್ರಗಳು ಹುಟ್ಟಿದವು. ಮಳೆಗಾಲದ ಮೊದಲ ತಿಂಗಳುಗಳಲ್ಲಿ ಅಲ್ಲಿ ಎಳೆಮರಿ ದೊರೆಯುತ್ತದೆ, ಆದರೆ ಆಗ ನಮ್ಮ ಕೆರೆಗಳಿಗೆ ನೀರೇ ಬಂದಿರುವುದಿಲ್ಲ. ಈ ನಡುವಿನ ಕಾಲವನ್ನು ಹೊಂಡದ ಮಡಿಯಲ್ಲಿ ಉಪಯೋಗಿಸಿಕೊಳ್ಳಬೇಕು.

ಮಡಿ ಮಾಡುವ ಕ್ರಮ

1. ಹೊಂಡವನ್ನು ಬೇಸಿಗೆಯಲ್ಲಿ ಒಣಗಿಸಿ. ನೀರು ಉಳಿದಿದ್ದರೆ ಬಲೆ ಎಳೆದು, ಹಳೆಯ ಮೀನುಗಳನ್ನೂ ನೀರುಹುಳುಗಳನ್ನೂ ತೆಗೆಯಿರಿ.

2. ಗುಂಟೆಗೆ 2 ಕಿಲೋ ಸುಣ್ಣ ಹಾಕಿ. ನೀರು ತುಂಬಿಸಿ, ವಾರದ ನಂತರ ಗುಂಟೆಗೆ 50 ಕಿಲೋ ಹಸಿ ಸಗಣಿ ಹಾಕಿ. ಎಂಟು ಹತ್ತು ದಿನಗಳಲ್ಲಿ ನೀರು ಕಂದುಹಸಿರಾದರೆ ಮರಿಯ ಮೇವಾದ ಸೂಕ್ಷ್ಮ ಜೀವಿಗಳು ಹುಟ್ಟಿವೆ ಎಂದು ತಿಳಿಯಿರಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಮಣ್ಣಿನ ಸಾರವಿಲ್ಲದ ಕಾರಣ ಮೇಲಿನ ಆಹಾರವನ್ನೇ ಹೆಚ್ಚು ನಂಬಬೇಕು.

3. ಗುಂಟೆಗೆ ಸುಮಾರು 1,000 ಮರಿ ಸಾಕು. ಮರಿ ಬಂದ ಚೀಲವನ್ನು ಕಟ್ಟು ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಡಿ. ಒಳಗಿನ ಹೊರಗಿನ ಬಿಸಿ ಸಮನಾದ ಮೇಲೆ, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಬಿಡಿ.

4. ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ಬೆರೆಸಿ, ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೊಡಿ. ಮಿಕ್ಕಿದ್ದು ಕಂಡರೆ ಮಾರನೆಯ ದಿನ ಕಡಿಮೆ ಮಾಡಿ.

5. ಮೋಡದ ದಿನಗಳಲ್ಲಿ, ಬೆಳಗಿನ ಜಾವ ಮರಿಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲದು ಎಂದು ಅರ್ಥ. ಸಗಣಿ, ಹಿಂಡಿ ನಿಲ್ಲಿಸಿ, ಪಂಪಿನಿಂದ ಹೊಸ ನೀರನ್ನು ಎತ್ತರದಿಂದ ಬೀಳಿಸಿ.

6. ಹೊಂಡಕ್ಕೆ ಬೇಲಿ ಹಾಕಿ, ದಡದ ಗೂಟಕ್ಕೆ ಹಗ್ಗ ಕಟ್ಟಿ ನೀರಿನವರೆಗೆ ಇಳಿಬಿಡಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿದವರು ಹತ್ತಿ ಬರಲಾರರು. ಮಕ್ಕಳಿರುವ ಮನೆಯವರು ಈ ಕೆಲಸವನ್ನು ಮರಿ ತರುವ ಮೊದಲೇ ಮಾಡತಕ್ಕದ್ದು.

ಕೆರೆಗೆ ಬಿಡುವಾಗ

ಕೆರೆಗೆ ನೀರು ಬಂದ ಮೇಲೆ ಬೆರಳುದ್ದದ ಮರಿಗಳನ್ನು ಸಾಗಿಸಿ. ಮೇವು ಹಾಕದ ಕೆರೆಗೆ ಎಕರೆ ನೀರಿಗೆ ಸುಮಾರು 800 ಮರಿ ಸಾಕು. ಹತ್ತರಲ್ಲಿ ನಾಲ್ಕು ಕಾಟ್ಲಾ, ಮೂರು ರೋಹು, ಮೂರು ಮೃಗಾಲ್ ಇರಲಿ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದರ ಮೇವಿಗೆ ಇನ್ನೊಂದು ಹೆಚ್ಚು ಪೈಪೋಟಿ ಮಾಡುವುದಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಿಷೇಧವಾಗಿದೆ. ಯಾರು ಆಸೆ ತೋರಿಸಿದರೂ ತರಬೇಡಿ, ಅದು ಊರ ಮೀನುಗಳನ್ನೇ ತಿಂದುಹಾಕುತ್ತದೆ.

ತೂಬಿಗೆ ಜಾಲರಿ ಕಟ್ಟಿ. ಕೋಡಿಗೆ ಕಟ್ಟಿದ ಜಾಲರಿಯಲ್ಲಿ ಕಸ ಸೇರಿ ನೀರು ತಡೆದರೆ ಏರಿಗೆ ಅಪಾಯ. ಆದ್ದರಿಂದ ಮಳೆ ಬಂದಾಗಲೆಲ್ಲ ಕಸ ತೆಗೆಯಲು ಆಳನ್ನು ಗೊತ್ತುಮಾಡಿ.

ಲೆಕ್ಕ ಮತ್ತು ಲಾಭ

ನಾಲ್ಕು ಗುಂಟೆಯ ಹೊಂಡಕ್ಕೆ 4,000 ಎಳೆಮರಿ ಬಿಟ್ಟಿರಿ ಎಂದು ಇಟ್ಟುಕೊಳ್ಳಿ. ಹತ್ತರಲ್ಲಿ ಏಳು ಉಳಿದರೆ 2,800 ಬಲಿತ ಮರಿಗಳಾದವು. ಮೂರೂವರೆ ಎಕರೆ ನೀರಿಗೆ ಇಷ್ಟು ಸಾಕು. ಮೂವರು ರೈತರು ಕೂಡಿದರೆ ಸಣ್ಣ ಕೆರೆಯೊಂದರ ಮರಿ ಊರಿನಲ್ಲಿಯೇ ಸಿದ್ಧವಾಗುತ್ತದೆ.

ಕೆರೆಯ ಮೀನಿನ ಹಕ್ಕು ಗುತ್ತಿಗೆ ಪಡೆದವರದು ಎಂಬುದನ್ನು ಮರೆಯಬೇಡಿ. ನಿಮಗೆ ಗುತ್ತಿಗೆ ಇಲ್ಲದಿದ್ದರೂ ಬಲಿತ ಮರಿಯನ್ನು ಗುತ್ತಿಗೆದಾರರಿಗೋ ಮೀನುಗಾರರ ಸಹಕಾರ ಸಂಘಕ್ಕೋ ಮಾರಬಹುದು. ಮರಿ ತರುವ ಮೊದಲೇ ಅವರೊಡನೆ ಬೆಲೆ ಗೊತ್ತುಮಾಡಿಕೊಳ್ಳಿ. ತೂಬು ಎತ್ತುವ ದಿನಗಳನ್ನೂ ಅದೇ ಮಾತುಕತೆಯಲ್ಲಿ ತೀರ್ಮಾನಿಸಿದರೆ, ಪೈರಿಗೆ ನೀರು ಬೇಕೆನ್ನುವವರಿಗೂ ಮೀನಿಗೆ ನೀರು ಉಳಿಯಲಿ ಎನ್ನುವವರಿಗೂ ಬೇಸಿಗೆಯಲ್ಲಿ ಜಗಳ ಬರುವುದಿಲ್ಲ.

ಮರಿಯ ಬೇಡಿಕೆಯನ್ನು ಮಳೆಗಾಲಕ್ಕೆ ಮೊದಲೇ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಬರೆಸಿರಿ. ಕೆರೆಗೆ ನೀರು ಬರುವ ದಿನ ನಮ್ಮ ಕೈಯಲ್ಲಿಲ್ಲ. ಆ ದಿನ ಬಂದಾಗ ಬೆರಳುದ್ದದ ಮರಿ ಸಿದ್ಧವಾಗಿರುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.