ಫ್ಯಾಶನ್ ಸ್ಟೈಲ್ ಮದುವೆ ಫೋಟೋ: ನಿಮ್ಮ ಜೋಡಿಗೆ ಸೆಟ್ ಆಗುತ್ತಾ?

ಸೀನಿಯರ್‌ಗಳ, ಕಸಿನ್‌ಗಳ ಮದುವೆ ಆಲ್ಬಂ ಈಗ ಮ್ಯಾಗಜೀನ್ ಕವರ್ ಥರ ಇರುತ್ತೆ. ನೋಡೋಕೆ ಸೂಪರ್. ಆದರೆ ಈ ಸ್ಟೈಲ್ ಎಲ್ಲ ಜೋಡಿಗೂ ಹೊಂದುವುದಿಲ್ಲ. ಯಾಕೆ ಅಂತ ಸ್ವಲ್ಪ ಟೆಕ್ನಿಕಲ್ ಆಗಿ ನೋಡೋಣ.

ಕ್ಯಾಂಡಿಡ್‌ನಲ್ಲಿ ಫೋಟೋಗ್ರಾಫರ್ ನಡೆದದ್ದನ್ನು ಹಿಡಿಯುತ್ತಾರೆ. ಫ್ಯಾಶನ್ ಸ್ಟೈಲ್‌ನಲ್ಲಿ ಲೈಟು, ಜಾಗ, ಪೋಸು ಎಲ್ಲ ಅವರೇ ಹೊಂದಿಸುತ್ತಾರೆ. ಫುಲ್ ಫ್ರೇಮ್ ಕ್ಯಾಮೆರಾಗೆ 85 ಎಂಎಂ ಲೆನ್ಸ್ ಹಾಕಿ, ಎಫ್/1.8ರಲ್ಲಿ 2 ಮೀಟರ್ ದೂರದಿಂದ ತೆಗೆದರೆ, ಶಾರ್ಪ್ ಆಗಿ ಬರೋ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ಹಿನ್ನೆಲೆ ಚೆಂದವಾಗಿ ಬ್ಲರ್ ಆಗುತ್ತೆ ನಿಜ, ಆದರೆ ಇಬ್ಬರ ಮುಖವೂ ಕ್ಯಾಮೆರಾದಿಂದ ಹೆಚ್ಚುಕಮ್ಮಿ ಒಂದೇ ದೂರದಲ್ಲಿರಬೇಕು. ಒಬ್ಬರು ಸ್ವಲ್ಪ ಹಿಂದೆ ಸರಿದರೂ ಮುಖ ಮಸುಕು. ಅದಕ್ಕೇ "ಗದ್ದ ಕೆಳಗೆ, ಅಲುಗಾಡಬೇಡಿ" ಅನ್ನೋ ಸೂಚನೆಗಳು, ಮತ್ತೆ ಮತ್ತೆ ಟೇಕ್‌ಗಳು.

ಇದನ್ನು ಇಬ್ಬರೂ ಎಂಜಾಯ್ ಮಾಡ್ತೀರಾ? ಪರೀಕ್ಷೆ ಸುಲಭ. ಕಿಟಕಿ ಪಕ್ಕ ನಿಂತು, ಫ್ರೆಂಡ್ ಕೈಗೆ ಫೋನ್ ಕೊಟ್ಟು, ಅವರು ಹೇಳಿದ ಹಾಗೆ ಅರ್ಧ ಗಂಟೆ ಪೋಸ್ ಕೊಡಿ. ಫೋಟೋಗಿಂತ ನಿಮ್ಮ ಮೂಡ್ ಗಮನಿಸಿ. ಒಬ್ಬರಿಗೆ ಖುಷಿ, ಇನ್ನೊಬ್ಬರಿಗೆ ಹಿಂಸೆ ಅನಿಸಿದರೆ ಈಗಲೇ ಮಾತಾಡಿಕೊಳ್ಳಿ. ಆಲ್ಬಂ ಇಬ್ಬರದೂ ತಾನೆ?

ಮುಹೂರ್ತದ ವಿಷಯ ಬೇರೆ. ಅಂತರಪಟ ಸರಿದು, ಒಬ್ಬರ ತಲೆ ಮೇಲೊಬ್ಬರು ಜೀರಿಗೆ-ಬೆಲ್ಲ ಇಡೋದು ಕೆಲವೇ ಸೆಕೆಂಡ್. ಅದಕ್ಕೆ ರೀಟೇಕ್ ಇಲ್ಲ. ಅಲ್ಲಿ ಪೋಸ್ ಕೇಳಿದರೆ ಪುರೋಹಿತರೂ ಕಾಯಬೇಕು, ಧಾರೆ ಎರೆಯೋ ಅಪ್ಪ-ಅಮ್ಮನೂ ಕಾಯಬೇಕು. ಹಾಗಾಗಿ ಫ್ಯಾಶನ್ ಶೂಟ್ ರಿಸೆಪ್ಷನ್‌ಗೆ ಮುಂಚೆ ಅಥವಾ ಬೇರೆ ದಿನ ಇಟ್ಟುಕೊಳ್ಳಿ, ಧಾರೆಗೆ ಕ್ಯಾಂಡಿಡ್ ಇರಲಿ.

ಬುಕ್ ಮಾಡೋ ಮುಂಚೆ ಒಂದು ಮದುವೆಯ ಪೂರ್ತಿ ಆಲ್ಬಂ ತೋರಿಸೋಕೆ ಹೇಳಿ. ಇನ್‌ಸ್ಟಾಗ್ರಾಂನ ಹತ್ತು ಫೋಟೋ ಸಾಲದು. ಆ ಆಲ್ಬಂನಲ್ಲಿ ಅಜ್ಜಿ-ತಾತ ಎಷ್ಟು ಸಲ ಕಾಣ್ತಾರೆ ಅಂತಲೂ ನೋಡಿ.