ಭಯದ ಜೊತೆಗೆ ದಾರಿಯನ್ನೂ ಹೇಳಿ
ಅಂಟುರೋಗದ ಸುದ್ದಿಯನ್ನು ಊರಿಗೆ ತಿಳಿಸುವ ಬಗೆ

ಊರಿಗೆ ಒಂದು ಅಂಟುರೋಗ ಬಂದಿತೆಂದರೆ ರೋಗಕ್ಕಿಂತ ಮೊದಲು ಅದರ ಸುದ್ದಿ ಮನೆಮನೆ ಸೇರುತ್ತದೆ. ಸುದ್ದಿಯ ಬೆನ್ನಿಗೇ ಭಯವೂ ಬರುತ್ತದೆ. ಜನರನ್ನು ಎಚ್ಚರಿಸಬೇಕೆಂಬ ಸದುದ್ದೇಶದಿಂದಲೇ ಅನೇಕರು ಈ ಭಯವನ್ನು ಇನ್ನಷ್ಟು ದೊಡ್ಡದು ಮಾಡುತ್ತಾರೆ. ಗೋಡೆಯ ಮೇಲೆ ತಲೆಬುರುಡೆಯ ಚಿತ್ರ, ಕೆಂಪು ಅಕ್ಷರದಲ್ಲಿ "ಮಾರಕ ರೋಗ" ಎಂಬ ಬರಹ, ಕೆಳಗೆ ಸತ್ತವರ ಲೆಕ್ಕ. ಇದನ್ನು ಕಂಡವರು ಬೆಚ್ಚುವುದೇನೋ ನಿಜ. ಆದರೆ ಬೆಚ್ಚಿದವರು ಮುಂದೇನು ಮಾಡುತ್ತಾರೆ? ಆಸ್ಪತ್ರೆಗೆ ಹೋಗುತ್ತಾರೆಯೆ, ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತಾರೆಯೆ, ಇಲ್ಲವೆ "ನಮಗೇನೂ ಆಗದು" ಎಂದು ಮುಖ ತಿರುಗಿಸುತ್ತಾರೆಯೆ? ರೋಗ ಹತೋಟಿಗೆ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಈ ವಿಷಯ ವೈದ್ಯರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಪಂಚಾಯಿತಿ ಸದಸ್ಯರಾಗಿ, ಹಾಲಿನ ಸಂಘದ ಕಾರ್ಯದರ್ಶಿಯಾಗಿ, ಸ್ವಸಹಾಯ ಸಂಘದ ಪ್ರತಿನಿಧಿಯಾಗಿ ಊರಿಗೆ ಸುದ್ದಿ ಮುಟ್ಟಿಸುವವರು ತಾವೇ. ಓದು ಬಲ್ಲ ರೈತನ ಮಾತನ್ನು ನೆರೆಹೊರೆಯವರು ನಂಬುತ್ತಾರೆ. ಆದ್ದರಿಂದ ಆ ಮಾತು ಹೇಗಿರಬೇಕೆಂಬುದನ್ನು ತಾವು ತಿಳಿದಿರುವುದು ಅವಶ್ಯಕ.

ಭಯ ಮಾಡುವ ಕೆಲಸ

ಗಾಡಿಗೆ ಕಟ್ಟಿದ ಎತ್ತು ಬೆದರಿದಾಗ ಏನಾಗುತ್ತದೆಂಬುದನ್ನು ತಾವೆಲ್ಲ ಬಲ್ಲಿರಿ. ಮುಂದೆ ದಾರಿ ಕಂಡರೆ ಓಡುತ್ತದೆ. ದಾರಿ ಕಾಣದಿದ್ದರೆ ಹಿಂದಕ್ಕೆ ಜಗ್ಗುತ್ತದೆ, ನೊಗ ಕಳಚಿಕೊಳ್ಳಲು ಹೆಣಗುತ್ತದೆ, ಕೆಲವೊಮ್ಮೆ ಗಾಡಿಯನ್ನೇ ಹಳ್ಳಕ್ಕೆ ಕೆಡವುತ್ತದೆ. ಆಗ ಬಾರುಕೋಲು ಬೀಸಿ ಕೂಗಾಡಿದರೆ ಬೆದರು ಹೆಚ್ಚುವುದೇ ಹೊರತು ಗಾಡಿ ಮುಂದೆ ಹೋಗದು. ತಿಳಿದವನು ಇಳಿದು ಹೋಗಿ ಮೂಗುದಾರ ಹಿಡಿದು ದಾರಿ ತೋರಿಸುತ್ತಾನೆ.

ಮನುಷ್ಯನ ಮನಸ್ಸೂ ಹೀಗೆಯೇ. ಅಪಾಯದ ಮಾತು ಕೇಳಿದ ಕೂಡಲೆ ಮನಸ್ಸು ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ. ಈ ಅಪಾಯ ನನಗೆ ತಟ್ಟುವುದೆ ಎಂಬುದು ಮೊದಲನೆಯದು. ತಟ್ಟುವುದಾದರೆ, ಪಾರಾಗಲು ನನ್ನ ಕೈಯಲ್ಲಿ ಆಗುವಂಥದು ಏನಾದರೂ ಇದೆಯೆ ಎಂಬುದು ಎರಡನೆಯದು. ಎರಡಕ್ಕೂ "ಹೌದು" ಎಂಬ ಉತ್ತರ ಸಿಕ್ಕಿದರೆ ಮನುಷ್ಯ ಅಪಾಯವನ್ನು ಎದುರಿಸಲು ಎದ್ದು ನಿಲ್ಲುತ್ತಾನೆ. ಮೊದಲನೆಯದಕ್ಕೆ "ಹೌದು", ಎರಡನೆಯದಕ್ಕೆ "ಇಲ್ಲ" ಎಂದಾದರೆ ಅವನು ಅಪಾಯವನ್ನು ಬಿಟ್ಟು ತನ್ನ ಭಯವನ್ನು ಅಡಗಿಸುವ ಉಪಾಯ ಹುಡುಕುತ್ತಾನೆ. ಸುದ್ದಿಯೇ ಸುಳ್ಳು ಎನ್ನುತ್ತಾನೆ, ಹಣೆಬರಹ ಎನ್ನುತ್ತಾನೆ, ಯಂತ್ರ-ತಾಯಿತದ ಮೊರೆ ಹೋಗುತ್ತಾನೆ, ಇಲ್ಲವೆ ರೋಗಿಯನ್ನೇ ದೂರುತ್ತಾನೆ. ಇದು ದಡ್ಡತನವಲ್ಲ. ದಾರಿ ಕಾಣದ ಮನಸ್ಸಿನ ಸಹಜ ಗುಣ.

ಧನುರ್ವಾಯು ಲಸಿಕೆಯ ಪ್ರಯೋಗ

ಇದನ್ನು ತೋರಿಸಿಕೊಟ್ಟ ಒಂದು ಪ್ರಯೋಗವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಹೊವಾರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು ನಡೆಸಿ 1965ರಲ್ಲಿ ಪ್ರಕಟಿಸಿದರು. ವಿಷಯ ಧನುರ್ವಾಯು. ಮಣ್ಣು, ಗೊಬ್ಬರದ ನಡುವೆ ದುಡಿಯುವ ನಮಗೆ ಇದು ಪರಿಚಿತ ಹೆಸರು. ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಪುಸ್ತಿಕೆಗಳನ್ನು ಕೊಡಲಾಯಿತು. ಕೆಲವರ ಪುಸ್ತಿಕೆಯಲ್ಲಿ ರೋಗದ ಘೋರ ವರ್ಣನೆಯಿತ್ತು, ಕೆಲವರದರಲ್ಲಿ ಸೌಮ್ಯವಾದ ವಿವರಣೆಯಿತ್ತು. ಘೋರವಾದುದನ್ನು ಓದಿದವರು ಹೆಚ್ಚು ಹೆದರಿದರು, ಲಸಿಕೆ ಹಾಕಿಸಿಕೊಳ್ಳಬೇಕೆಂದು ಹೆಚ್ಚು ಉತ್ಸಾಹದಿಂದ ಹೇಳಿದರು. ಆದರೆ ನಿಜವಾಗಿ ಲಸಿಕೆ ಹಾಕಿಸಿಕೊಂಡವರ ಲೆಕ್ಕ ತೆಗೆದಾಗ ಹೆಚ್ಚು ಹೆದರಿದವರಿಗೂ ಕಡಿಮೆ ಹೆದರಿದವರಿಗೂ ಅಂತರ ಕಾಣಲಿಲ್ಲ.

ಅಂತರ ಕಂಡದ್ದು ಇನ್ನೊಂದು ಕಡೆ. ಕೆಲವರಿಗೆ ಪುಸ್ತಿಕೆಯ ಜೊತೆಗೆ ಆರೋಗ್ಯ ಕೇಂದ್ರ ಎಲ್ಲಿದೆಯೆಂಬ ನಕ್ಷೆ, ಲಸಿಕೆ ಹಾಕುವ ವೇಳೆ ಇವನ್ನು ಕೊಟ್ಟು, ತಾವು ಯಾವಾಗ ಹೋಗಬಹುದೆಂದು ಯೋಚಿಸಿಕೊಳ್ಳಲು ತಿಳಿಸಲಾಗಿತ್ತು. ಇವರಲ್ಲಿ ಶೇಕಡಾ 28 ಮಂದಿ ಲಸಿಕೆ ಹಾಕಿಸಿಕೊಂಡರು. ನಕ್ಷೆ, ವೇಳೆ ಇಲ್ಲದೆ ಪುಸ್ತಿಕೆ ಮಾತ್ರ ಓದಿದವರಲ್ಲಿ ಹೋದವರು ಶೇಕಡಾ 3 ಮಾತ್ರ. ಆ ವಿದ್ಯಾರ್ಥಿಗಳಿಗೆ ಆರೋಗ್ಯ ಕೇಂದ್ರ ಗೊತ್ತಿಲ್ಲದ ಜಾಗವೇನೂ ಆಗಿರಲಿಲ್ಲ. ಆದರೂ ಎಲ್ಲಿ, ಯಾವಾಗ ಎಂಬುದನ್ನು ಬಿಡಿಸಿ ಹೇಳಿದ್ದರಿಂದಲೇ ಕೆಲಸವಾಯಿತು. ಹಾಗೆಂದು ಭಯವೇ ಬೇಡವೆಂದಲ್ಲ. ರೋಗದ ಅಪಾಯ ಹೇಳದೆ ನಕ್ಷೆ, ವೇಳೆ ಮಾತ್ರ ಕೊಟ್ಟವರೂ ಹೋಗಲಿಲ್ಲ. ಭಯ ಸ್ವಲ್ಪ ಬೇಕು, ಜೊತೆಗೆ ದಾರಿ ಪೂರ್ತಿ ಬೇಕು.

ಹುಚ್ಚುನಾಯಿ ಕಡಿತ: ಸೂಜಿಯ ಭಯ

ಈಗ ನಮ್ಮ ಹಳ್ಳಿಗಳ ಕಡೆ ನೋಡೋಣ. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಲಕ್ಷಣಗಳು ಕಾಣಿಸಿಕೊಂಡ ಮೇಲೆ ಹೆಚ್ಚುಕಡಿಮೆ ಎಲ್ಲರನ್ನೂ ಬಲಿ ತೆಗೆದುಕೊಳ್ಳುವ ಕಾಯಿಲೆ. ಇದರ ಬಗ್ಗೆ ಭಯ ಹುಟ್ಟಿಸಲು ಪ್ರಚಾರವೇ ಬೇಡ. ಆದರೂ ನಾಯಿ ಕಚ್ಚಿದ ಮೇಲೆ ಚುಚ್ಚುಮದ್ದಿಗೆ ಹೋಗದೆ ನಾಟಿ ಔಷಧಿಯಲ್ಲೇ ದಿನ ಕಳೆಯುವವರಿದ್ದಾರೆ. ಏಕೆ?

ಕಾರಣಗಳಲ್ಲಿ ಒಂದು, ರೋಗದ ಭಯಕ್ಕಿಂತ ಸೂಜಿಯ ಭಯ ಹತ್ತಿರದ್ದು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯನ್ನು ಹೊಕ್ಕುಳ ಸುತ್ತ, ಗಾಯದ ತೀವ್ರತೆಗೆ ತಕ್ಕಂತೆ 14 ದಿನಗಳವರೆಗೂ ಚುಚ್ಚುತ್ತಿದ್ದರು. ಆ ನೋವಿನ ಕಥೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿದು ಬಂದಿದೆ. ಹಳೆಯ ಲಸಿಕೆಯ ಬಳಕೆ ನಮ್ಮ ದೇಶದಲ್ಲಿ 2004-05ರ ಸುಮಾರಿಗೆ ನಿಂತುಹೋಯಿತು. ಕಥೆ ಮಾತ್ರ ನಿಂತಿಲ್ಲ. "ಹುಚ್ಚುನಾಯಿ ಕಚ್ಚಿದರೆ ಸಾವೇ ಗತಿ" ಎಂದು ಮತ್ತೆ ಮತ್ತೆ ಹೇಳುವುದರಿಂದ ಈ ಸೂಜಿಯ ಭಯ ಹೋಗದು. ಅದನ್ನು ಹೋಗಲಾಡಿಸಲು ಹೇಳಬೇಕಾದ ಮಾತುಗಳು ಇವು:

1. ನಾಯಿ ಕಚ್ಚಿದ ಕೂಡಲೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಸೊಪ್ಪಿನ ರಸ ಹಚ್ಚಬಾರದು.

2. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಈಗಿನ ಲಸಿಕೆಯನ್ನು ಹೊಟ್ಟೆಗೆ ಚುಚ್ಚುವುದಿಲ್ಲ. ದೊಡ್ಡವರಿಗೆ ತೋಳಿಗೆ ಕೊಡುತ್ತಾರೆ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಐದು ಸಲ, ಚರ್ಮದಲ್ಲಿ ಕೊಡುವ ಕ್ರಮದಲ್ಲಿ ನಾಲ್ಕು ಸಲ. ಹೇಳಿದ ದಿನಗಳಲ್ಲಿ ತಪ್ಪದೆ ಹೋಗಬೇಕು.

3. ಗಾಯ ಆಳವಾಗಿದ್ದರೆ, ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇನ್ನೊಂದು ಔಷಧಿಯೂ ಬೇಕಾಗುತ್ತದೆ. ಅದನ್ನು ವೈದ್ಯರಲ್ಲಿ ಕೇಳಿ ಪಡೆಯಬೇಕು.

ದನಗಳ ವಿಷಯದಲ್ಲಿ ಭಯ ತಡವಾಗಿ ಬರುತ್ತದೆ, ಬಂದಾಗ ಅತಿಯಾಗಿ ಬರುತ್ತದೆ. ಹಸು ಜೊಲ್ಲು ಸುರಿಸುತ್ತ ನುಂಗಲಾರದೆ ಒದ್ದಾಡುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಿರಬೇಕೆಂದು ಬಾಯೊಳಗೆ ಕೈ ಹಾಕುತ್ತಾರೆ. ಭಯ ಪಡಬೇಕಾದ ಜಾಗ ಅದು. ಕೈ ಹಾಕದೆ ಪಶುವೈದ್ಯರನ್ನು ಕರೆಯಬೇಕು. ಆಮೇಲೆ ಆ ಹಸುವಿಗೆ ಹುಚ್ಚು ಎಂದು ತಿಳಿದಾಗ, ಅದರ ಹಾಲು ಕಾಯಿಸಿ ಕುಡಿದವರೆಲ್ಲ ಕಂಗಾಲಾಗುತ್ತಾರೆ. ಕಾಯಿಸಿದ ಹಾಲಿನಿಂದ ಈ ರೋಗ ಬರುವುದಿಲ್ಲ. ಹಸಿ ಹಾಲು ಕುಡಿದವರು, ಜೊಲ್ಲು ಮುಟ್ಟಿದವರು, ಕೈಯಲ್ಲಿ ಗಾಯವಿದ್ದವರು ವೈದ್ಯರನ್ನು ಕಾಣಬೇಕು. ಭಯ ಎಲ್ಲಿರಬೇಕೋ ಅಲ್ಲಿಗೆ ಅದನ್ನು ಒಯ್ಯುವುದೇ ತಿಳುವಳಿಕೆಯ ಕೆಲಸ.

ಮಂಗನ ಕಾಯಿಲೆ: ಹೆಸರು ತಂದ ತೊಡಕು

ಮಲೆನಾಡಿನ ಓದುಗರಿಗೆ ಮಂಗನ ಕಾಯಿಲೆಯನ್ನು ಪರಿಚಯಿಸಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ಹೆಸರು ಕೇಳಿದವರ ಭಯವೆಲ್ಲ ಮಂಗನ ಮೇಲೆ ಹೋಗುತ್ತದೆ. ಆದರೆ ರೋಗವನ್ನು ನಮಗೆ ದಾಟಿಸುವುದು ಉಣುಗು. ಮಂಗವೂ ನಮ್ಮಂತೆಯೇ ಈ ರೋಗಕ್ಕೆ ಬಲಿಯಾಗುವ ಪ್ರಾಣಿ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕೆ ಬೀಳುತ್ತವೆ, ಸೌದೆಗೆ, ದರಗಿಗೆ ಹೋದವರ ಕಾಲು ಹತ್ತುತ್ತವೆ. ಆದ್ದರಿಂದ ಸತ್ತ ಮಂಗ ನಮಗೆ ಮುನ್ಸೂಚನೆ. ಅದನ್ನು ಮುಟ್ಟದೆ, ಕಂಡ ಜಾಗವನ್ನು ಆರೋಗ್ಯ ಇಲಾಖೆಗೋ ಪಶುವೈದ್ಯರಿಗೋ ಕೂಡಲೆ ತಿಳಿಸಬೇಕು.

ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡಿದ್ದು ಕಂಡುಬಂದಿಲ್ಲ. ಇದನ್ನು ಹೇಳದೆ ಬರಿಯ ಭಯ ಹಬ್ಬಿಸಿದರೆ ಜನ ರೋಗಿಯ ಮನೆಯನ್ನು ದೂರವಿಡುತ್ತಾರೆ, ಕಾಡಿಗೆ ಮಾತ್ರ ಎಂದಿನಂತೆ ಬರಿಗಾಲಲ್ಲಿ ಹೋಗುತ್ತಾರೆ.

ಇನ್ನೊಂದು ಮಾತು. "ಈ ಜ್ವರ ಬಂದರೆ ಸಾವು ಖಚಿತ" ಎಂದು ಕೆಲವರು ಸಾರುತ್ತಾರೆ. ರೋಗ ತಗುಲಿದ ನೂರು ಜನರಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಜನ ಸಾಯುತ್ತಾರೆ, ಉಳಿದವರು ಬದುಕುತ್ತಾರೆ. ಇದು ಸಣ್ಣ ಸಂಖ್ಯೆಯಲ್ಲ, ಎಚ್ಚರ ಬೇಕೇ ಬೇಕು. ಆದರೆ ಗುಣವಾಗಿ ಮನೆಗೆ ಬಂದವರನ್ನು ಕಣ್ಣಾರೆ ಕಂಡ ಊರು "ಸಾವು ಖಚಿತ" ಎಂದವರನ್ನು ಮುಂದಿನ ವರ್ಷ ನಂಬುವುದಿಲ್ಲ. "ತೋಳ ಬಂತು ತೋಳ" ಎಂದು ಕೂಗಿದ ಹುಡುಗನ ಗತಿಯೇ ಪ್ರಚಾರಕನಿಗೂ ಆಗುತ್ತದೆ.

ಬಚ್ಚಿಡುವಂತೆ ಮಾಡುವ ಭಯ

ಅಂಟುರೋಗದಲ್ಲಿ ರೋಗದ ಭಯದಷ್ಟೇ ದೊಡ್ಡದು ಜನರ ಭಯ. ಕುಷ್ಠರೋಗವೇ ಇದಕ್ಕೆ ಸಾಕ್ಷಿ. ರೋಗಿಗಳನ್ನು ಬೇರ್ಪಡಿಸಲು 1898ರಲ್ಲಿ ಮಾಡಿದ ಕಾನೂನು 2016ರವರೆಗೂ ಪುಸ್ತಕದಲ್ಲಿ ಉಳಿದಿತ್ತು. 1980ರ ದಶಕದಿಂದ ಬಹು ಔಷಧಿ ಚಿಕಿತ್ಸೆ ಬಂದು ರೋಗ ಪೂರ್ಣ ಗುಣವಾಗತೊಡಗಿತು. ಆದರೂ ಸ್ಪರ್ಶ ತಿಳಿಯದ ಮಚ್ಚೆಯನ್ನು ಮುಚ್ಚಿಟ್ಟುಕೊಳ್ಳುವವರಿದ್ದಾರೆ. ಊರು ಏನೆನ್ನುವುದೋ, ಮಗಳ ಮದುವೆ ನಿಲ್ಲುವುದೋ ಎಂಬ ಅಂಜಿಕೆ. ಹೀಗೆ ಮುಚ್ಚಿಟ್ಟಷ್ಟು ದಿನವೂ ರೋಗ ಒಳಗೇ ಬೆಳೆದು ಬೆರಳು ಮುರುಟುವವರೆಗೆ ಹೋಗುತ್ತದೆ. ಅಂಗವಿಕಲತೆಯ ಘೋರ ಚಿತ್ರ ತೋರಿಸಿ ಮಾಡುವ ಪ್ರಚಾರ ಇಂಥವರನ್ನು ಆಸ್ಪತ್ರೆಗೆ ತರುವ ಬದಲು ಇನ್ನಷ್ಟು ಒಳಗೆ ತಳ್ಳುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಸಿಡುಬಿನದು. 1970ರ ದಶಕದಲ್ಲಿ ನಮ್ಮ ದೇಶದಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ ಸಿಡುಬೆದ್ದ ಮಗುವಿನ ಚಿತ್ರವಿದ್ದ ಚೀಟಿ ತೋರಿಸುತ್ತಿದ್ದರು. ಚಿತ್ರ ಹೆದರಿಸಲಿಕ್ಕಾಗಿ ಇರಲಿಲ್ಲ. "ಇಂಥ ಕಾಯಿಲೆಯನ್ನು ಎಲ್ಲಾದರೂ ಕಂಡಿರಾ?" ಎಂದು ಕೇಳಲು, ಗುರುತು ಹಿಡಿಯಲು ಇತ್ತು. ಸುದ್ದಿ ಕೊಟ್ಟವರಿಗೆ ಬಹುಮಾನವಿತ್ತು. 1975ರಲ್ಲಿ ಅದು 1000 ರೂಪಾಯಿಗೆ ಏರಿತು. ಮುಚ್ಚಿಡುವುದಕ್ಕಿಂತ ಹೇಳುವುದೇ ಲಾಭವಾಯಿತು. ಆ ವರ್ಷದ ಮೇ ತಿಂಗಳ ನಂತರ ದೇಶದಲ್ಲಿ ಸಿಡುಬು ಕಾಣಲಿಲ್ಲ.

2020ರಲ್ಲಿ ಕೋವಿಡ್ ಬಂದಾಗ ಅನೇಕ ಊರುಗಳು ದಾರಿಗೆ ಮುಳ್ಳು ಹಾಕಿಕೊಂಡದ್ದು ತಮಗೆ ನೆನಪಿರಬಹುದು. ಬೇಲಿ ಹಾಕುವುದು ಸುಲಭವಾಗಿತ್ತು. ಬೇಲಿಯ ಒಳಗೇ ಜ್ವರ ಬಂದವನು ಧೈರ್ಯವಾಗಿ ಬಾಯಿ ಬಿಡುವಂತೆ ಮಾಡುವುದು ಕಷ್ಟವಾಗಿತ್ತು.

ಸುದ್ದಿ ಹೇಳುವಾಗ ನೆನಪಿಡಬೇಕಾದ ಅಂಶಗಳು

1. ಅಪಾಯ ಇದ್ದಷ್ಟನ್ನೇ ಹೇಳಿ. ಹೆಚ್ಚಿಸಬೇಡಿ, ಮುಚ್ಚಿಡಬೇಡಿ.

2. ಅಪಾಯದ ಮಾತಿನ ಬೆನ್ನಿಗೇ ಮಾಡಬೇಕಾದ ಕೆಲಸ ಹೇಳಿ. ಅದು ಬಡವರ ಕೈಗೂ ಎಟುಕುವಂತಿರಲಿ.

3. ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ, ಯಾರನ್ನು ಕಾಣಬೇಕು, ಹಣ ಕೊಡಬೇಕೆ ಬೇಡವೆ ಎಂಬುದನ್ನು ಬಿಡಿಸಿ ಹೇಳಿ.

4. ರೋಗ ಹೇಗೆ ಹರಡುತ್ತದೆ ಎಂಬುದರ ಜೊತೆಗೆ ಹೇಗೆ ಹರಡುವುದಿಲ್ಲ ಎಂಬುದನ್ನೂ ಹೇಳಿ.

5. ರೋಗಿಯ ಹೆಸರು, ಜಾತಿ, ಕೇರಿ ಎತ್ತಬೇಡಿ.

6. ಗುಣವಾದವರು ಒಪ್ಪಿದರೆ ಅವರಿಂದಲೇ ನಾಲ್ಕು ಮಾತು ಆಡಿಸಿ.

ಮಂಗನ ಕಾಯಿಲೆಯ ಕಾಲದಲ್ಲಿ, ಅಂದರೆ ಡಿಸೆಂಬರಿನಿಂದ ಮೇ ವರೆಗೆ, ಹಾಲಿನ ಸಂಘದ ಫಲಕದ ಮೇಲೆ "ಮಾರಕ ರೋಗ, ಕಾಡಿಗೆ ಹೋಗಬೇಡಿ" ಎಂದು ಬರೆದರೆ ಏನು ಪ್ರಯೋಜನ? ಸೌದೆ, ಸೊಪ್ಪು, ಮೇವು ಎಲ್ಲವೂ ಕಾಡಿನಿಂದಲೇ ಬರಬೇಕಾದವರು ಹೋಗದೆ ಇರಲಾರರು. ಬದಲಿಗೆ ಹೀಗೆ ಬರೆಯಬಹುದು:

"ನಮ್ಮ ಕಾಡಿನಲ್ಲಿ ಮಂಗ ಸತ್ತಿದೆ. ಆ ಕಡೆ ಕೆಲವು ದಿನ ಹೋಗಬೇಡಿ. ಬೇರೆ ಕಡೆ ಹೋಗುವವರು ಮೈ ಮುಚ್ಚುವ ಬಟ್ಟೆ ತೊಟ್ಟು, ಆಶಾ ಕಾರ್ಯಕರ್ತೆಯವರಿಂದ ಉಣುಗು ನಿವಾರಕ ಎಣ್ಣೆ ಪಡೆದು ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಕೂಡಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ದನಗಳ ಉಣುಗಿಗೆ ಪಶುವೈದ್ಯರನ್ನು ಕೇಳಿ. ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ರೋಗಿಯಿಂದ ರೋಗ ಅಂಟುವುದಿಲ್ಲ."

ಈ ರೋಗದ ಹಳೆಯ ಲಸಿಕೆ ನಿರೀಕ್ಷಿತ ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಇದರಿಂದ ಫಲಕದ ಈ ಕೆಲವು ಸಾಲುಗಳ ಬೆಲೆ ಇನ್ನೂ ಹೆಚ್ಚಿದೆ.

ರೈತ ಬಾಂಧವರೇ, ಹೆದರಿದವರ ಮೇಲೆ ಹಾವು ಎಸೆಯುವುದರಿಂದ ಯಾರಿಗೂ ಉಪಕಾರವಿಲ್ಲ. ತಮ್ಮ ಊರಿನ ಆರೋಗ್ಯ ಕೇಂದ್ರದ ವೇಳೆ, ನಾಯಿ ಕಡಿತದ ಲಸಿಕೆ ಸಿಗುವ ಹತ್ತಿರದ ಆಸ್ಪತ್ರೆ, ಪಶುವೈದ್ಯರ ದೂರವಾಣಿ ಸಂಖ್ಯೆ ಇವನ್ನು ಈ ವಾರವೇ ವಿಚಾರಿಸಿ, ಸಂಘದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿರಿ. ರೋಗ ಬಂದ ದಿನ ಹುಡುಕುತ್ತ ಕೂರುವ ಗಳಿಗೆ ಉಳಿಯುತ್ತದೆ, ಅದರೊಂದಿಗೆ ಒಂದು ಜೀವವೂ ಉಳಿಯಬಹುದು.