ತೂಕ ಇಳಿಸುವ ಅವಸರ, ಹೊಟ್ಟೆಗೆ ಸಂಕಟ



ಹಳಿಯಾಳ ತಾಲೂಕಿನ ಒಂದು ಸಂಘದ ಸಭೆ. ಉಳಿತಾಯದ ಲೆಕ್ಕ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಒಬ್ಬ ಅಕ್ಕ ಹಿಂದೆ ಉಳಿದರು. ಯಾರೂ ಕೇಳುತ್ತಿಲ್ಲ ಅಂತ ನೋಡಿಕೊಂಡು ಮೆಲ್ಲಗೆ ಹೇಳಿದರು: "ಸಿಸ್ಟರ್, ದಪ್ಪ ಆಗೀನಿ ಅಂತ ರಾತ್ರಿ ಊಟ ಬಿಟ್ಟೀನ್ರಿ. ತೂಕ ಇಳೀತೋ ಇಲ್ಲೋ ಗೊತ್ತಿಲ್ಲ, ಆದ್ರ ನಾಕ್ ದಿನ ಆತು, ಸಂಡಾಸ ಆಗಿಲ್ರಿ. ಆದ್ರೂ ರಕ್ತ ಬರ್ತೈತಿ."

ವಿಚಾರಿಸಿದಾಗ ಇನ್ನೊಂದು ಸಂಗತಿ ಹೊರಬಂತು. ತಿಂಗಳಿಗೆ ಐದು ಕಿಲೋ ಇಳಿಸುತ್ತೇವೆ ಎಂದು ಯಾರೋ ಮನೆಗೆ ಬಂದು ಒಂದು ಡಬ್ಬಿ ಪುಡಿ, ಒಂದು ಪೊಟ್ಟಣ ಚಹಾ ಮಾರಿದ್ದರು. ಅದಕ್ಕೆ ಈ ಅಕ್ಕ ಸಂಘದಿಂದಲೇ ಸಾಲ ತೆಗೆದಿದ್ದರು. ಆರೋಗ್ಯವೂ ಹೋಯಿತು, ಮೇಲೆ ಕಂತು ಕಟ್ಟುವುದೂ ಬಂತು.

ಈ ಮಾತನ್ನು ನಾವು ದಾಂಡೇಲಿಯಲ್ಲೂ ಮುಂಡಗೋಡದಲ್ಲೂ ಬೇರೆ ಬೇರೆ ರೂಪದಲ್ಲಿ ಕೇಳಿದ್ದೇವೆ. ಹೊಟ್ಟೆಯ ವಿಷಯ ಆಡಲು ನಾಚಿಕೆ. ಆದ್ದರಿಂದ ಈ ಸಲ ಅದನ್ನೇ ಬಿಡಿಸಿ ಬರೆಯುತ್ತಿದ್ದೇವೆ.

ಮಲಬದ್ಧತೆ ಎಂದರೇನು?

ದಿನಾ ಬೆಳಿಗ್ಗೆ ಆಗಲೇಬೇಕು, ಇಲ್ಲದಿದ್ದರೆ ರೋಗ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ದಿನಕ್ಕೆ ಎರಡು ಮೂರು ಸಲ ಆಗುವವರೂ ಇದ್ದಾರೆ, ಎರಡು ದಿನಕ್ಕೊಮ್ಮೆ ಆಗುವವರೂ ಇದ್ದಾರೆ. ಸಲೀಸಾಗಿ ಆದರೆ ಎರಡೂ ಸರಿಯೇ. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಆಗುವುದು, ಆಡಿನ ಹಿಕ್ಕೆಯಂತೆ ಗಟ್ಟಿಯಾಗಿ ಬರುವುದು, ತುಂಬಾ ತಿಣುಕಬೇಕಾಗುವುದು, ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನಿಸುವುದು, ಇವು ಮಲಬದ್ಧತೆಯ ಗುರುತುಗಳು.

ದಿನಾ ತಿಣುಕಿದರೆ ಗುದದ ಚರ್ಮ ಸೀಳುತ್ತದೆ, ಮೂಲವ್ಯಾಧಿ ಹೆಚ್ಚುತ್ತದೆ. ನೋವಿಗೆ ಹೆದರಿ ಮತ್ತೆ ತಡೆಹಿಡಿಯುತ್ತೇವೆ. ತಡೆಹಿಡಿದಷ್ಟೂ ದೊಡ್ಡ ಕರುಳು ಮಲದಲ್ಲಿನ ನೀರನ್ನು ಹೀರುತ್ತಲೇ ಇರುತ್ತದೆ, ಅದು ಇನ್ನೂ ಗಟ್ಟಿಯಾಗುತ್ತದೆ. ಹೀಗೆ ಸುತ್ತು ತಿರುಗುತ್ತಲೇ ಇರುತ್ತದೆ.

ಊಟ ಕಡಿಮೆ ಮಾಡಿದಾಗ ಯಾಕೆ ಹೀಗಾಗುತ್ತದೆ?

ಮೊದಲನೆಯದು, ಒಳಗೆ ಹೋಗುವುದೇ ಕಡಿಮೆಯಾದರೆ ಹೊರಗೆ ಬರುವುದೂ ಕಡಿಮೆ. ಮಲಕ್ಕೆ ಗಾತ್ರ ಕೊಡುವುದು ನಾರು. ಕಾಳು, ಸೊಪ್ಪು, ಸಿಪ್ಪೆ ಮತ್ತು ತವಡಿನಲ್ಲಿ ಇರುವ, ನಮ್ಮ ಹೊಟ್ಟೆ ಕರಗಿಸಲಾರದ ಭಾಗ ಅದು. ಅದು ನೀರು ಹಿಡಿದುಕೊಂಡು ಮಲವನ್ನು ಮೆತ್ತಗಿಡುತ್ತದೆ. ನಮ್ಮ ಅಕ್ಕಂದಿರು 'ಡಯಟ್' ಎಂದು ಮೊದಲು ಬಿಡುವುದು ರೊಟ್ಟಿಯನ್ನು. ಚಹಾ ಮತ್ತು ಬಿಸ್ಕೀಟು ಮಾತ್ರ ಉಳಿದುಕೊಳ್ಳುತ್ತವೆ!

ಎರಡನೆಯದು, ಬೆಳಗಿನ ತಿಂಡಿ ಬಿಡುವುದು. ರಾತ್ರಿಯೆಲ್ಲ ಮಲಗಿದ್ದ ದೊಡ್ಡ ಕರುಳು ಬೆಳಿಗ್ಗೆ ಹೊಟ್ಟೆಗೆ ಏನಾದರೂ ಬಿದ್ದಾಗ ಎಚ್ಚರಗೊಂಡು ಹಿಂಡತೊಡಗುತ್ತದೆ. ತಿಂಡಿಯೇ ಇಲ್ಲದಿದ್ದರೆ ಆ ಕರೆ ಬರುವುದಿಲ್ಲ. ದಾಂಡೇಲಿಯಲ್ಲಿ ಗಂಡನ ಕಾರ್ಖಾನೆ ಶಿಫ್ಟಿಗೆ ತಕ್ಕಂತೆ ಅಡುಗೆ ಮಾಡುತ್ತಾ ತಮ್ಮ ಊಟದ ಹೊತ್ತು ಮರೆತವರಿಗೂ ಇದೇ ತೊಂದರೆ.

ಮೂರನೆಯದು ನೀರು. ಊಟದ ಸಾರು, ಮಜ್ಜಿಗೆ, ಪಲ್ಯದಿಂದಲೂ ನಮಗೆ ನೀರು ಸಿಗುತ್ತದೆ. ಊಟ ಬಿಟ್ಟರೆ ಅದೂ ಹೋಯಿತು. ಎಣ್ಣೆ ತುಪ್ಪವನ್ನು ಪೂರ್ತಿ ಬಿಟ್ಟರೂ ಕೆಲವರಿಗೆ ಕರುಳು ನಿಧಾನವಾಗುತ್ತದೆ.

ನಾಲ್ಕನೆಯದನ್ನು ಯಾವ ಡಯಟ್ ಪುಸ್ತಕವೂ ಬರೆಯುವುದಿಲ್ಲ. ಕಬ್ಬಿನ ಗದ್ದೆಯಲ್ಲಿ, ಭತ್ತದ ನಾಟಿಯಲ್ಲಿ, ಕಟ್ಟಡದ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಹೋಗಲು ಜಾಗ ಎಲ್ಲಿದೆ? ಹೋಗುವುದು ಬೇಡ ಅಂತ ನೀರೇ ಕುಡಿಯುವುದಿಲ್ಲ. ಬಂದ ಕರೆಯನ್ನು ಸಂಜೆಯ ಕತ್ತಲೆಯವರೆಗೆ ತಡೆಯುತ್ತಾರೆ. 2014ರಲ್ಲಿ ಸ್ವಚ್ಛ ಭಾರತ ಯೋಜನೆ ಬಂದ ಮೇಲೆ ಅನೇಕ ಮನೆಗಳಿಗೆ ಶೌಚಾಲಯ ಬಂದಿದೆ, ನಿಜ. ಆದರೆ ಕೆಲಸದ ಜಾಗಕ್ಕೆ ಬಂದಿಲ್ಲ. ಇದು ಬರೀ ಹೊಟ್ಟೆಯ ಪ್ರಶ್ನೆಯಲ್ಲ, ನಮ್ಮ ಮಾನದ ಪ್ರಶ್ನೆ.

ಎದೆಯುರಿ, ಹೊಟ್ಟೆ ಉಬ್ಬರ

ಬಹಳ ಹೊತ್ತು ಉಪವಾಸ ಇದ್ದು ಬರೀ ಚಹಾ ಕುಡಿದರೆ ಕೆಲವರಿಗೆ ಹುಳಿತೇಗು, ಎದೆಯುರಿ. ಆಮೇಲೆ ಹಸಿವು ತಾಳದೆ ಒಮ್ಮೆಲೇ ಉಂಡರೆ ಹೊಟ್ಟೆ ಭಾರ. ಇನ್ನು ಕೆಲವರು ಯಾರೋ ಹೇಳಿದರೆಂದು ಒಂದೇ ದಿನದಲ್ಲಿ ಮೊಳಕೆ ಕಾಳು, ಹಸಿ ತರಕಾರಿ ರಾಶಿ ತಿನ್ನುತ್ತಾರೆ. ನಾರನ್ನು ಕರುಳಿನ ಸೂಕ್ಷ್ಮಜೀವಿಗಳು ಹುಳಿಸುವಾಗ ಗ್ಯಾಸು ಬರುತ್ತದೆ. ಅವಕ್ಕೆ ರೂಢಿಯಾಗಲು ಸಮಯ ಬೇಕು. ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಕಾಳನ್ನು ನೆನೆಹಾಕಿ, ಆ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ.

ಪುಡಿ ಮತ್ತು ಚಹಾದ ಗುಟ್ಟು

ತೂಕ ಇಳಿಸುವ ಚಹಾಗಳಲ್ಲಿ ಬಹಳಷ್ಟಕ್ಕೆ ಸೋನಾಮುಖಿ ಎಲೆ ಹಾಕಿರುತ್ತಾರೆ. ಅದು ಭೇದಿ ಔಷಧಿ. ಉಂಡ ಅನ್ನದ ಸತ್ವವನ್ನು ಸಣ್ಣ ಕರುಳು ಮೊದಲೇ ಹೀರಿಕೊಂಡಿರುತ್ತದೆ. ಭೇದಿ ಔಷಧಿ ಕೆಲಸ ಮಾಡುವುದು ಆಮೇಲೆ ಬರುವ ದೊಡ್ಡ ಕರುಳಿನಲ್ಲಿ. ಆದ್ದರಿಂದ ಅದರಿಂದ ಬೊಜ್ಜು ಒಂದು ಗುಲಗಂಜಿಯಷ್ಟೂ ಕರಗುವುದಿಲ್ಲ. ತಕ್ಕಡಿಯಲ್ಲಿ ಒಂದು ಕಿಲೋ ಇಳಿದಂತೆ ಕಾಣುವುದು ನೀರು. ಒಂದು ಚೊಂಬು ನೀರು ಕುಡಿದರೆ ತಿರುಗಿ ಬರುತ್ತದೆ.

ಲಾಭವಿಲ್ಲ, ನಷ್ಟ ಮಾತ್ರ ಇದೆ. ಭೇದಿಯ ಜೊತೆ ಉಪ್ಪು, ಪೊಟ್ಯಾಸಿಯಂ ಹೋಗಿ ಸುಸ್ತು, ಕಾಲು ಸೆಳೆತ, ಎದೆ ಬಡಿತದ ತೊಂದರೆ ಆಗಬಹುದು. ತಿಂಗಳುಗಟ್ಟಲೆ ಕುಡಿದವರಲ್ಲಿ ಕೆಲವರಿಗೆ ಅದಿಲ್ಲದೆ ಸಂಡಾಸಕ್ಕೆ ಹೋಗುವುದು ಕಷ್ಟವಾಗಬಹುದು. ಹಿರಿಯರು ಕೊಡುತ್ತಿದ್ದ ಹರಳೆಣ್ಣೆಗೂ ಇದೇ ಮಾತು, ದಿನಾ ಬೇಡ. ಬಸುರಿಯರಿಗಂತೂ ಬೇಡವೇ ಬೇಡ.

ಬೊಜ್ಜು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಡಬ್ಬಿಯ ಮೇಲೆ ಆಹಾರ ಸುರಕ್ಷತೆಯ 14 ಅಂಕಿಯ ಪರವಾನಗಿ ನಂಬರು ಇರಬಹುದು. ಅದಿಲ್ಲದ ಡಬ್ಬಿಯನ್ನು ಮುಟ್ಟಬೇಡಿ. ಇದ್ದರೂ, ಅದು ಮಾರುವುದಕ್ಕೆ ಕೊಟ್ಟ ಪರವಾನಗಿಯೇ ಹೊರತು ತೂಕ ಇಳಿಯುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ನಮ್ಮ ತಾಟಿನಲ್ಲೇ ಔಷಧಿ ಇದೆ

ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಸತ್ವದ ಪಟ್ಟಿ ಪ್ರಕಟಿಸಿತು. ಅದರ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಮಿಗಿಂತ ಕಡಿಮೆ. ಅಷ್ಟೇ ಜೋಳದಲ್ಲಿ ಸುಮಾರು 10 ಗ್ರಾಂ, ರಾಗಿಯಲ್ಲಿ ಮತ್ತು ಸೋಸದ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ, ಇಡೀ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ, ಪೇರಲ ಹಣ್ಣಿನಲ್ಲಿ 8 ಗ್ರಾಮಿಗೂ ಹೆಚ್ಚು.

ಈಗ ಲೆಕ್ಕ ಹಾಕೋಣ, ಲೆಕ್ಕ ನಮಗೆ ಹೊಸದಲ್ಲ. 100 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿಗೆ 10 ಗ್ರಾಂ. ಒಂದು ಹಿಡಿ, ಅಂದರೆ 30 ಗ್ರಾಂ ಹೆಸರುಕಾಳಿನ ಪಲ್ಯಕ್ಕೆ 5 ಗ್ರಾಂ. 100 ಗ್ರಾಂ ಹರಿವೆ ಸೊಪ್ಪಿಗೆ ಸುಮಾರು 4. ಒಂದು ಪೇರಲಕ್ಕೆ 8. ಒಟ್ಟು 27 ಗ್ರಾಂ! ಇನ್ನೊಂದು ಕಡೆ, ಎರಡು ಚಹಾ, ನಾಲ್ಕು ಬಿಸ್ಕೀಟು, ಅರ್ಧ ತಾಟು ಬಿಳಿ ಅನ್ನ, ಒಂದು ಸೌತೆಕಾಯಿಯ 'ಡಯಟ್' ಊಟದಲ್ಲಿ 5 ಗ್ರಾಂ ಆಗುವುದೂ ಕಷ್ಟ.

ತೂಕ ಇಳಿಸಬೇಕೆಂದರೆ ರೊಟ್ಟಿ, ಪಲ್ಯ, ಕಾಳು ಬಿಡಬೇಡಿ. ಚಹಾದ ಸಕ್ಕರೆ, ಬಿಸ್ಕೀಟು, ಕರಿದ ತಿಂಡಿ, ಬೇಕರಿ ಪದಾರ್ಥ, ಎರಡನೇ ಸಲದ ಅನ್ನ, ಇವನ್ನು ಕಡಿಮೆ ಮಾಡಿ. ಉಂಡ ತೃಪ್ತಿಯೂ ಇರುತ್ತದೆ, ಹೊಟ್ಟೆಯೂ ನಡೆಯುತ್ತದೆ. ಜೋಯಿಡಾದ ಕುಣಬಿ ಸಹೋದರಿಯರ ಹಿತ್ತಲಲ್ಲಿ ಎಷ್ಟು ಬಗೆಯ ಗೆಡ್ಡೆ-ಗೆಣಸು ಇವೆ! ಅವನ್ನು ಮೇಳದಲ್ಲಿ ಮಾರಿ, ಮನೆಗೆ ಬ್ರೆಡ್ಡು ತರುವುದು ಬೇಡ. ಗೆಣಸನ್ನು ತೊಳೆದು ಸಿಪ್ಪೆ ಸಹಿತ ಬೇಯಿಸಿ ತಿನ್ನಿ. ಆದರೆ ಗೆಡ್ಡೆಯೂ ಹೊಟ್ಟೆ ತುಂಬುವ ಪಿಷ್ಟವೇ. ಅದನ್ನು ಅನ್ನದ ಬದಲಿಗೆ ತಿನ್ನಬೇಕು, ಅನ್ನದ ಮೇಲೆ ಅಲ್ಲ.

ದಿನಚರಿಯಲ್ಲಿ ಐದು ಮಾತು

1. ದಿನಕ್ಕೆ ಎಂಟು ಲೋಟ, ಸುಮಾರು ಎರಡು ಲೀಟರ್ ನೀರು. ಬಿಸಿಲಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು. ತೆಳು ಮಜ್ಜಿಗೆ, ಅಂಬಲಿ, ಗಂಜಿ ತಿಳಿಯೂ ಲೆಕ್ಕಕ್ಕೆ ಬರುತ್ತದೆ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿ ಕುಡಿಯಿರಿ.

2. ಬೆಳಿಗ್ಗೆ ಏನಾದರೂ ತಿಂದು, ಕಾಲು ಗಂಟೆ ಬಿಟ್ಟು ಶೌಚಕ್ಕೆ ಹೋಗಿ. ಅವಸರ ಬೇಡ, ತಿಣುಕುವುದೂ ಬೇಡ. ಕರೆ ಬಂದಾಗ ತಡೆಯಬೇಡಿ.

3. ಕುಕ್ಕರಗಾಲಲ್ಲಿ ಕೂರುವುದು ಒಳ್ಳೆಯದು. ಮೊಣಕಾಲು ನೋವಿಗೆ ಕಮೋಡ್ ಬಳಸುವವರು ಪಾದದ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ.

4. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಹೊಲಿಗೆ ಮಷಿನ್ ಮುಂದೆ ಕೂತು ದುಡಿಯುವವರಿಗೆ ಇದು ಬಹಳ ಮುಖ್ಯ.

5. ಇಷ್ಟಾದರೂ ಆಗದಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಇಸಬಗೋಲ್ ಹೊಟ್ಟನ್ನು ಒಂದೆರಡು ಚಮಚ, ತುಂಬಿದ ಲೋಟ ನೀರಿನಲ್ಲಿ ಕದಡಿ ಕೂಡಲೇ ಕುಡಿಯಿರಿ. ನೀರು ಕಡಿಮೆಯಾದರೆ ಅದೇ ಒಳಗೆ ಗಟ್ಟಿಯಾಗಿ ತೊಂದರೆ ಕೊಡುತ್ತದೆ.

ಕಬ್ಬಿಣದ ಮಾತ್ರೆ ಬಿಡಬೇಡಿ

ರಕ್ತಹೀನತೆಗೆ ಆಶಾ ಕಾರ್ಯಕರ್ತೆ ಕೊಡುವ ಮಾತ್ರೆಯಿಂದ ಕೆಲವರಿಗೆ ಹೊಟ್ಟೆ ಕಟ್ಟುತ್ತದೆ, ಮಲ ಕಪ್ಪಾಗುತ್ತದೆ. ಅದಕ್ಕೆ ಹೆದರಿ ಮಾತ್ರೆಯನ್ನು ಹಿತ್ತಲಿಗೆ ಎಸೆದವರನ್ನು ನಾವು ಕಂಡಿದ್ದೇವೆ. ಈ ಕಪ್ಪು ಬಣ್ಣ ಮಾತ್ರೆಯದು. ರಾತ್ರಿ ಊಟದ ನಂತರ ತೆಗೆದುಕೊಳ್ಳಿ, ಅದರ ಹಿಂದೆ ಮುಂದೆ ಚಹಾ ಬೇಡ, ನಾರು ಮತ್ತು ನೀರು ಹೆಚ್ಚಿಸಿ. ಆದರೂ ಆಗದಿದ್ದರೆ ಬಿಡುವ ಮೊದಲು ಹೋಗಿ ಹೇಳಿ. ಮಾತ್ರೆ ಬದಲಿಸಿ ಕೊಡುತ್ತಾರೆ.

ಯಾವಾಗ ಆಸ್ಪತ್ರೆಗೆ?

ಮಲದಲ್ಲಿ ರಕ್ತ ಬಂದರೆ ಮೂಲವ್ಯಾಧಿಯೇ ಇರಬೇಕು ಎಂದು ಸುಮ್ಮನೆ ಕೂರಬೇಡಿ, ತೋರಿಸಿ. ಪ್ರಯತ್ನವಿಲ್ಲದೆ ತೂಕ ಇಳಿದರೆ, ನಲವತ್ತು ದಾಟಿದ ಮೇಲೆ ಹೊಟ್ಟೆಯ ರೂಢಿ ಒಮ್ಮೆಲೇ ಬದಲಾದರೆ, ಮೂರು ವಾರವಾದರೂ ಸರಿಹೋಗದಿದ್ದರೆ ತಾಲೂಕು ಆಸ್ಪತ್ರೆಗೆ ಹೋಗಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವೂ ಗಾಳಿಯೂ ಹೋಗದಿದ್ದರೆ ಅದು ಕರುಳು ಕಟ್ಟಿದ ಲಕ್ಷಣ. ತಡಮಾಡದೆ 108ಕ್ಕೆ ಫೋನ್ ಮಾಡಿ.

ಊಟ ಕಡಿಮೆ ಮಾಡಿದರೂ ತೂಕ ಏರುತ್ತಿದೆ, ಜೊತೆಗೆ ಮಲಬದ್ಧತೆ, ಸುಸ್ತು, ಚಳಿ ತಡೆಯಲಾಗದಿರುವುದು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಕಡಿಮೆ ಇರಬಹುದು. ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಅಂಥವರು ಎಷ್ಟು ಉಪವಾಸ ಮಾಡಿದರೂ ವ್ಯರ್ಥ. ಅವರಿಗೆ ಬೇಕಾದದ್ದು ಮಾತ್ರೆ.

ಬಸುರಿಯರು, ಬಾಣಂತಿಯರು, ಹಾಲೂಡಿಸುವ ತಾಯಂದಿರು ತೂಕ ಇಳಿಸಲು ಹೋಗಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ವ್ರತವಾಗಲಿ ರೋಜಾ ಆಗಲಿ ತಪಸ್ಸುಕಾಲವಾಗಲಿ, ಡಾಕ್ಟರನ್ನು ಕೇಳದೆ ಊಟ ಬಿಡಬಾರದು. ಉಳಿದವರಿಗೆ ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಬಹಳ ವೇಗವಾಗಿ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ.

ಸಂಘದಲ್ಲಿ ಏನು ಮಾಡಬಹುದು?

ಮುಂದಿನ ಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಇಡಿ. ನಿನ್ನೆ ಯಾರು ಯಾರು ಏನು ಉಂಡರು, ಎಷ್ಟು ಲೋಟ ನೀರು ಕುಡಿದರು, ಎಲ್ಲರೂ ಹೇಳಲಿ. ತೂಕದ ಪುಡಿಗೆ ಸಾಲ ಕೇಳಿದರೆ ಬೈಯಬೇಡಿ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಶೌಚಾಲಯ, ಕುಡಿಯುವ ನೀರು ಬೇಕು ಎಂದು ಗ್ರಾಮಸಭೆಯಲ್ಲಿ ಒಟ್ಟಾಗಿ ಕೇಳಿ. ಒಬ್ಬಳೇ ಕೇಳಿದರೆ ನಾಚಿಕೆ, ಇಪ್ಪತ್ತು ಜನ ಕೇಳಿದರೆ ಹಕ್ಕು.

ಆ ಅಕ್ಕ ಈಗ ಹೇಗಿದ್ದಾರೆ? ಆಸ್ಪತ್ರೆಯಲ್ಲಿ ನೋಡಿದಾಗ ಗುದ ಸೀಳಿತ್ತು, ಅದಕ್ಕೆ ಮುಲಾಮು ಕೊಟ್ಟರು. ರಕ್ತವೂ ಕಡಿಮೆ ಇತ್ತು. ರೊಟ್ಟಿ ಪಲ್ಯಕ್ಕೆ ಮರಳಿದರು, ಚಹಾದ ಪೊಟ್ಟಣ ಒಲೆಗೆ ಹೋಯಿತು. ತೂಕ ನಿಧಾನವಾಗಿ ಇಳಿಯುತ್ತಿದೆ. ಸಾಲದ ಕಂತು ಮಾತ್ರ ಇನ್ನೂ ಉಳಿದಿದೆ. "ನನ್ನ ಹೆಸರ ಬರೀಬ್ಯಾಡ್ರಿ ಸಿಸ್ಟರ್, ಆದ್ರ ನನ್ನ ಕಥೀ ಎಲ್ಲಾರಿಗೂ ಹೇಳ್ರಿ" ಅಂದರು. ಅದಕ್ಕೇ ಹೇಳಿದ್ದೇವೆ. ನೀವೂ ಪಕ್ಕದ ಮನೆಯವರಿಗೆ ಹೇಳಿ.